ಎದೆಯೊಳಗೆ ಇಳಿಬಿಟ್ಟ ವೈರು



'ಪೇಸ್‌ಮೇಕರ್ ಹಾಕಬೇಕಾಗುತ್ತದೆ' ಎಂದು ನಾನು ಹೇಳಿದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ, 'ಬ್ಯಾಟರಿ ಎಷ್ಟು ವರ್ಷ ಬರುತ್ತೆ ಡಾಕ್ಟ್ರೇ?' ಎರಡನೆಯದು ಖರ್ಚಿನದು. ಮೂರನೆಯದು ಮೊಬೈಲ್ ಫೋನಿನದು. ಹೃದಯ ಬಡಿತದ ತೊಂದರೆಗಳನ್ನೇ ನೋಡುತ್ತಾ 20ಕ್ಕೂ ಹೆಚ್ಚು ವರ್ಷ ಕಳೆದಿದ್ದೇನೆ. ಪೇಸ್‌ಮೇಕರ್ ಎಂಬ ಆ ಡಬ್ಬಿಯಿಂದ ಹೃದಯದವರೆಗೆ ಹೋಗುವ ವೈರಿನ ಬಗ್ಗೆ ತಾವಾಗಿಯೇ ಕೇಳಿದವರು ತೀರಾ ಕಡಿಮೆ. ಕೇಳದಿರುವುದು ಅವರ ತಪ್ಪಲ್ಲ. ಹೇಳಬೇಕಾದ ನಾವೇ ಡಬ್ಬಿಯನ್ನು ಅಂಗೈಯಲ್ಲಿಟ್ಟು ತೋರಿಸುತ್ತೇವೆ, ವೈರಿನ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಇವತ್ತು ನನಗೆ ಸಿಕ್ಕಿರುವ ಸಮಯವನ್ನೆಲ್ಲ ಆ ವೈರಿಗೇ ಕೊಡಬೇಕೆಂದು ಬಂದಿದ್ದೇನೆ.

ಆಸ್ಪತ್ರೆಯ ಮಾತಿನಲ್ಲಿ ಅದು 'ಲೀಡ್'. ಜನ ವೈರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಪಾಠ ಹೇಳಲೆಂದು ಇಟ್ಟುಕೊಂಡ ಒಂದು ಹೊಸ ವೈರು ನನ್ನ ಮೇಜಿನ ಖಾನೆಯಲ್ಲಿದೆ. ಉದ್ದ ಎರಡೂವರೆ ಗೇಣು, ದಪ್ಪ ಸುಮಾರು 2 ಮಿಲಿಮೀಟರ್. ಬೇಯಿಸಿದ ಶ್ಯಾವಿಗೆಯ ಹಾಗೆ ಬೆರಳಿಗೆ ಮೆತ್ತಗೆ ಸುತ್ತಿಕೊಳ್ಳುತ್ತದೆ. ಹೊರಗೆ ಸಿಲಿಕೋನ್ ರಬ್ಬರಿನದೋ ಪಾಲಿಯುರಿಥೇನಿನದೋ ಹೊದಿಕೆ, ಒಳಗೆ ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ಲೋಹದ ಎಳೆ. ತುದಿಯಲ್ಲಿ, ಕಣ್ಣು ಕಿರಿದು ಮಾಡಿ ನೋಡಿದರೆ ಕಾಣುವಷ್ಟು ಸಣ್ಣ ತಿರುಪು. ಕೊರಳೆಲುಬಿನ ಕೆಳಗಿನ ರಕ್ತನಾಳಕ್ಕೆ ಇದನ್ನು ತೂರಿಸಿ, ಮೇಲಿನ ಮಹಾರಕ್ತನಾಳದ ಮೂಲಕ ಹೃದಯದ ಬಲಭಾಗಕ್ಕೆ ಇಳಿಸಿ, ಆ ತಿರುಪನ್ನು ಹೃದಯದ ಗೋಡೆಗೆ ತಿರುಗಿಸುತ್ತೇವೆ. ಇನ್ನೊಂದು ತುದಿ ಚರ್ಮದಡಿಯ ಡಬ್ಬಿಗೆ ಸೇರುತ್ತದೆ. ಹೃದಯ ತನ್ನ ಸರದಿ ಮರೆತಾಗಲೆಲ್ಲ ಡಬ್ಬಿ ಈ ದಾರಿಯಲ್ಲಿ ಒಂದು ಸಣ್ಣ ಮಿಡಿತ ಕಳಿಸುತ್ತದೆ. ಆ ಮಿಡಿತ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲೂ ಇರುವುದಿಲ್ಲ.

ಕಬ್ಬಿಣದ ತಂತಿಯನ್ನು ಹತ್ತಿಪ್ಪತ್ತು ಸಲ ಅತ್ತಿತ್ತ ಬಗ್ಗಿಸಿದರೆ ತುಂಡಾಗುವುದನ್ನು ಚಿಕ್ಕಂದಿನಲ್ಲಿ ನಾವೆಲ್ಲ ಮಾಡಿ ನೋಡಿದ್ದೇವೆ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಈ ವೈರು ಸ್ವಲ್ಪ ಬಳುಕುತ್ತದೆ. ವರ್ಷಕ್ಕೆ ಮೂರೂವರೆ ಕೋಟಿ ಸಲ, ಹತ್ತು ವರ್ಷಕ್ಕೆ 35 ಕೋಟಿ ಸಲ. ಅದರ ಮೇಲೆ ಕೊರಳೆಲುಬಿಗೂ ಮೊದಲ ಪಕ್ಕೆಲುಬಿಗೂ ನಡುವಿನ ಇಕ್ಕಟ್ಟಿನಲ್ಲಿ ತೋಳು ಎತ್ತಿದಾಗಲೆಲ್ಲ ಅದಕ್ಕೆ ಒತ್ತು ಬೀಳುತ್ತದೆ. ಎಂಟು ಹತ್ತು ವರ್ಷಕ್ಕೆ ಬ್ಯಾಟರಿ ಮುಗಿದಾಗ ಡಬ್ಬಿ ಬದಲಾಯಿಸುವುದು ಸುಲಭ: ಚರ್ಮ ತೆರೆದು, ತಿರುಪು ಸಡಿಲಿಸಿ, ಅದೇ ವೈರಿಗೆ ಹೊಸ ಡಬ್ಬಿ ಜೋಡಿಸುತ್ತೇವೆ. ವೈರು ಮಾತ್ರ ಇದ್ದಲ್ಲೇ ಇರುತ್ತದೆ, ಹಳತಾಗುತ್ತಾ ಹೋಗುತ್ತದೆ.

ಪೇಸ್‌ಮೇಕರನ್ನು ಮನುಷ್ಯನ ಮೈಯೊಳಗೆ ಮೊದಲು ಇಟ್ಟದ್ದು 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನ ಸ್ಟಾಕ್‌ಹೋಮ್ ಬಳಿಯ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ. ರೋಗಿಯ ಹೆಸರು ಆರ್ನೆ ಲಾರ್ಸನ್, ವಯಸ್ಸು 43. ದಿನಕ್ಕೆ ಹತ್ತಾರು ಸಲ ಹೃದಯ ನಿಂತು ಪ್ರಜ್ಞೆ ತಪ್ಪುತ್ತಿತ್ತು. ಅವರ ಹೆಂಡತಿ ಎಲ್ಸ್ ಮರಿ ಹಟ ಹಿಡಿದು ಕಾಡಿದ್ದಕ್ಕೆ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಆ ಸಾಹಸಕ್ಕೆ ಒಪ್ಪಿದರು. ಬೂಟ್ ಪಾಲಿಶ್ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು ರಾಳ ಎರಕ ಹೊಯ್ದು ತಯಾರಿಸಿದ ಯಂತ್ರ ಅದು. ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಇನ್ನೊಂದನ್ನು ಇಟ್ಟರು. ಲಾರ್ಸನ್ ಆಮೇಲೆ 2001ರವರೆಗೆ, 86 ವರ್ಷ ವಯಸ್ಸಿನ ತನಕ ತುಂಬು ಬದುಕು ಬದುಕಿದರು. ಆಪರೇಷನ್ ಮಾಡಿದವರಿಗಿಂತಲೂ ಯಂತ್ರ ಮಾಡಿದವರಿಗಿಂತಲೂ ಹೆಚ್ಚು ಕಾಲ ಇದ್ದರು. ಒಟ್ಟು 26 ಪೇಸ್‌ಮೇಕರುಗಳು ಅವರ ಮೈಯಲ್ಲಿ ಕೆಲಸ ಮಾಡಿದವು. ಆ ಕಾಲದಲ್ಲಿ ಎದೆ ತೆರೆದು ವೈರನ್ನು ಹೃದಯದ ಹೊರಮೈಗೆ ಹೊಲಿಯುತ್ತಿದ್ದರು. ಅದೇ 1958ರಲ್ಲಿ ನ್ಯೂಯಾರ್ಕಿನ ಮಾಂಟಿಫಿಯೋರೆ ಆಸ್ಪತ್ರೆಯಲ್ಲಿ ಸೀಮೋರ್ ಫರ್ಮನ್ ಎಂಬ ಯುವ ವೈದ್ಯರು ರಕ್ತನಾಳದ ಮೂಲಕವೇ ವೈರನ್ನು ಹೃದಯದೊಳಕ್ಕೆ ಇಳಿಸಿ, ಮೈಯ ಹೊರಗಿದ್ದ ಯಂತ್ರಕ್ಕೆ ಅದನ್ನು ಜೋಡಿಸಿ, ಒಬ್ಬ ರೋಗಿಯನ್ನು 96 ದಿನ ನೋಡಿಕೊಂಡರು. ಇವತ್ತು ನಮ್ಮ ಊರುಗಳಲ್ಲಿ ಎದೆ ಕೊಯ್ಯದೆ ಒಂದು ಗಂಟೆಯಲ್ಲಿ ಪೇಸ್‌ಮೇಕರ್ ಹಾಕಿ ಮುಗಿಸುತ್ತೇವಲ್ಲ, ಅದಕ್ಕೆ ಫರ್ಮನ್ ತೋರಿಸಿದ ದಾರಿಯೇ ಕಾರಣ. ಒಳಗೆ ಇಳಿಸುವ ದಾರಿ ಗೊತ್ತಾಯಿತು. ಹೊರಗೆ ತರುವುದು ಹೇಗೆಂದು ಕಲಿಯಲು ಇನ್ನೂ ಮೂವತ್ತು ವರ್ಷ ಬೇಕಾಯಿತು.

ಯಾಕೆ ಹೊರಗೆ ತರಬೇಕು? ಒಂದು ಘಟನೆ ಹೇಳುತ್ತೇನೆ.

ಶಿರಾ ಕಡೆಯ ಒಬ್ಬ ತಾಯಿ. ವಯಸ್ಸು 67. ಹನ್ನೊಂದು ವರ್ಷದ ಹಿಂದೆ ಪೇಸ್‌ಮೇಕರ್ ಹಾಕಿದ್ದರು. ಒಂದೂವರೆ ವರ್ಷದ ಹಿಂದೆ ಡಬ್ಬಿ ಬದಲಾಯಿಸಿದ್ದರು. ಅದಾಗಿ ಒಂದು ವರ್ಷಕ್ಕೆ ಡಬ್ಬಿಯ ಮೇಲಿನ ಚರ್ಮ ಕೆಂಪಾಗಿ, ತೆಳ್ಳಗಾಗಿ, ಒಂದು ಕುರು ಎದ್ದಿತು. ತೋರಿಸಿದ ಕಡೆ ಮಾತ್ರೆ ಕೊಟ್ಟರು, ಕುರು ಬತ್ತಿತು. ತಿಂಗಳಿಗೆ ಮತ್ತೆ ಬಂತು. ಮತ್ತೆ ಮಾತ್ರೆ, ಇಂಜೆಕ್ಷನ್ನು, ಡ್ರೆಸ್ಸಿಂಗು. ಹೀಗೆ ನಾಲ್ಕು ತಿಂಗಳು. ನನ್ನ ಮುಂದೆ ಬಂದು ಅವರು ಸೆರಗು ಸರಿಸಿದಾಗ ಬಟಾಣಿ ಕಾಳಿನಷ್ಟು ಜಾಗದಲ್ಲಿ ಚರ್ಮ ಮಾಯವಾಗಿ, ಒಳಗಿನ ಡಬ್ಬಿಯ ಮೂಲೆ ಹೊಳೆಯುತ್ತಿತ್ತು. ಜ್ವರವಿಲ್ಲ, ನೋವೂ ಅಷ್ಟಕ್ಕಷ್ಟೇ. ಜೊತೆಗೆ ಬಂದ ಮಗ, 'ಬರೀ ಚರ್ಮದ ಗಾಯ ಅಲ್ವಾ ಸಾರ್? ಎರಡು ಹೊಲಿಗೆ ಹಾಕಿ ಕಳಿಸಿಬಿಡಿ' ಅಂದ.

ಅದು ಚರ್ಮದ ಗಾಯವಲ್ಲ. ನಮ್ಮ ಚರ್ಮದ ಮೇಲೇ ಇರುವ ಸ್ಟಫಿಲೋಕಾಕಸ್ ಜಾತಿಯ ಕೀಟಾಣುಗಳು ಡಬ್ಬಿಯ ಮೇಲೆ, ವೈರಿನ ಮೇಲೆ ಕೂತರೆ ತಮ್ಮ ಸುತ್ತ ಒಂದು ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ತಿಂಗಳುಗಟ್ಟಲೆ ತೊಳೆಯದ ನೀರಿನ ತೊಟ್ಟಿಯ ಗೋಡೆಗೆ ಕೈಯಾಡಿಸಿದರೆ ಜಾರುವ ಲೋಳೆ ಸಿಗುತ್ತದಲ್ಲ, ಅಂಥದು. ಮಾಂಸದಲ್ಲಿ ಸೋಂಕಾದರೆ ರಕ್ತದ ಜೊತೆ ಔಷಧಿ ಅಲ್ಲಿಗೆ ತಲುಪುತ್ತದೆ. ಲೋಹಕ್ಕೂ ರಬ್ಬರಿಗೂ ರಕ್ತನಾಳ ಎಲ್ಲಿಂದ ಬರಬೇಕು? ಆ್ಯಂಟಿಬಯಾಟಿಕ್ ಮೇಲುಮೇಲಿನ ಕೀಟಾಣುಗಳನ್ನು ಕೊಲ್ಲುತ್ತದೆ, ಕೆಂಪು ಇಳಿಯುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಲೋಳೆಯೊಳಗಿನವು ಹಾಗೇ ಉಳಿಯುತ್ತವೆ. ಅವುಗಳಿಗೆ ಆ ವೈರು ಒಂದು ಸೇತುವೆ. ಚರ್ಮದಡಿಯಿಂದ ಹೊರಟು ನಿಧಾನವಾಗಿ ರಕ್ತನಾಳಕ್ಕೆ, ಅಲ್ಲಿಂದ ಹೃದಯದ ಕವಾಟಕ್ಕೆ. ಅಲ್ಲಿ ಗೆಡ್ಡೆ ಕಟ್ಟಿ, ತುಣುಕುಗಳು ಕಳಚಿ ಶ್ವಾಸಕೋಶಕ್ಕೆ ಹೋಗಿ ಕೂರುತ್ತವೆ. ಅಷ್ಟರ ಹೊತ್ತಿಗೆ ಚಳಿಜ್ವರ, ತೂಕ ಇಳಿಯುವುದು, ಉಸಿರು ಕಟ್ಟುವುದು ಶುರುವಾಗಿರುತ್ತದೆ.

ಆದ್ದರಿಂದ ಈ ಒಂದು ವಿಷಯದಲ್ಲಿ ಪ್ರಪಂಚದ ಹೃದ್ರೋಗ ತಜ್ಞರಲ್ಲಿ ಎರಡು ಮಾತಿಲ್ಲ. ಅಮೆರಿಕದ ಹಾರ್ಟ್ ರಿದಮ್ ಸೊಸೈಟಿ 2017ರಲ್ಲಿ ಹೊರಡಿಸಿದ ಒಮ್ಮತದ ಸೂಚನೆಗಳಲ್ಲೂ ಇದೇ ಇದೆ: ಡಬ್ಬಿಗಾಗಲಿ ವೈರಿಗಾಗಲಿ ಸೋಂಕು ತಗುಲಿದ್ದು ಖಚಿತವಾದರೆ ಡಬ್ಬಿ, ವೈರು ಎಲ್ಲವನ್ನೂ ತೆಗೆಯಬೇಕು. ಡಬ್ಬಿ ತೆಗೆದು ವೈರನ್ನು ಕತ್ತರಿಸಿ ಒಳಗೇ ಬಿಡುವುದು, ಅದೇ ಜಾಗ ಶುದ್ಧ ಮಾಡಿ ಮತ್ತೆ ಮುಚ್ಚುವುದು, ಇವೆಲ್ಲ ರೋಗವನ್ನು ಒಳಗೆ ಬೀಗ ಹಾಕಿ ಇಟ್ಟಂತೆ. ಕೀವು ಪರೀಕ್ಷೆಗೆ ಬೇಕೆಂದು ಉಬ್ಬಿದ ಜಾಗಕ್ಕೆ ಸೂಜಿ ಚುಚ್ಚುವುದೂ ಬೇಡ. ಇಲ್ಲದ ಸೋಂಕನ್ನು ಆ ಸೂಜಿಯೇ ಒಳಗೆ ತಂದೀತು. ಇದನ್ನು ಕೇಳುತ್ತಿರುವ ತಾಲ್ಲೂಕು ಕೇಂದ್ರಗಳ ವೈದ್ಯ ಮಿತ್ರರಲ್ಲಿ ನನ್ನದೊಂದು ಬೇಡಿಕೆ: ಪೇಸ್‌ಮೇಕರ್ ಮೇಲಿನ ಚರ್ಮ ಕೆಂಪಾಗಿ ಬಂದವರಿಗೆ ಮಾತ್ರೆ ಬರೆಯುವ ಮೊದಲು, ಅದನ್ನು ಹಾಕಿದ ಕಡೆಗೋ ಇಂಥ ಕೆಲಸ ಮಾಡುವ ಆಸ್ಪತ್ರೆಗೋ ಒಂದು ಫೋನು ಮಾಡಿ. ಮೊದಲು ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದುಕೊಳ್ಳಿ. ಮಾತ್ರೆ ಹೊಟ್ಟೆಗೆ ಹೋದ ಮೇಲೆ ಯಾವ ಕೀಟಾಣು ಎಂದು ಪತ್ತೆ ಮಾಡುವುದು ಕಷ್ಟ.

ಈಗ ಆ ಮಗನ ಹತ್ತಿರ ಬರೋಣ. ವೈರನ್ನು ತೆಗೆಯಬೇಕು, ಅದರಲ್ಲಿ ಅಪಾಯವಿದೆ ಎಂದೆ. ಅವನ ಮುಖ ಸಪ್ಪಗಾಯಿತು. 'ಅಷ್ಟು ಸಲೀಸಾಗಿ ಒಳಗೆ ಹೋಗಿದ್ದು ಈಚೆ ಬರೋಕೇನು ಕಷ್ಟ ಸಾರ್?' ಅಂದ. ಏನು ಕೆಲಸ ಮಾಡುತ್ತೀಯಪ್ಪ ಎಂದು ಕೇಳಿದೆ. ಬೋರ್‌ವೆಲ್‌ಗೆ ಮೋಟಾರು ಇಳಿಸುವುದು, ಎತ್ತುವುದು ಅವನ ಕಸುಬು. ಹಾಗಾದರೆ ನೀನೇ ಹೇಳು, ಹನ್ನೊಂದು ವರ್ಷ ಒಳಗಿದ್ದ ಮೋಟಾರು ಸಿಕ್ಕಿಹಾಕಿಕೊಂಡಿದ್ದರೆ ಏನು ಮಾಡುತ್ತೀಯ ಎಂದೆ. ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. 'ಮೋಟಾರಿನ ಸುತ್ತ ಮರಳು, ಕೆಸರು ಕೂತು ಕಚ್ಚಿಕೊಂಡಿರುತ್ತೆ ಸಾರ್. ದಬಾಯಿಸಿ ಎಳೆದ್ರೆ ಪೈಪು ಕಿತ್ಕೊಂಡು ಬರುತ್ತೆ, ಮೋಟಾರು ಒಳಗೇ ಉಳಿಯುತ್ತೆ. ಇಲ್ಲಾ ಬೋರೇ ಕುಸಿಯುತ್ತೆ. ಅಲ್ಲಾಡಿಸಿ, ಬಿಟ್ಟು, ಮತ್ತೆ ಅಲ್ಲಾಡಿಸಿ, ಇಂಚಿಂಚೇ ತಗೋಬೇಕು.' ಹೇಳುತ್ತಾ ಹೇಳುತ್ತಾ ಅವನ ಮಾತು ನಿಂತಿತು. ತಾಯಿಯ ಕಡೆ ತಿರುಗಿ ನೋಡಿದ. ನಾನು ಅದುವರೆಗೆ ಚಿತ್ರ ಬರೆದು, ಮಾದರಿ ಹೃದಯ ಹಿಡಿದು ಹೇಳಿದ್ದಕ್ಕಿಂತ ಅವನ ಬಾಯಿಂದ ಬಂದದ್ದೇ ಸರಿಯಾದ ವಿವರಣೆ.

ನಮ್ಮ ಮೈ ಹೊರಗಿನ ವಸ್ತುವನ್ನು ಸುಮ್ಮನೆ ಬಿಡುವುದಿಲ್ಲ. ವೈರು ರಕ್ತನಾಳದ ಗೋಡೆಗೆ ತಾಗಿದ ಕಡೆಯೆಲ್ಲ ನಾರಿನಂಥ ಗಾಯದ ಕಲೆ ಬೆಳೆದು ಅದನ್ನು ಅಪ್ಪಿಕೊಳ್ಳುತ್ತದೆ. ವರ್ಷ ಕಳೆದಂತೆ ಆ ನಾರಿಗೆ ಸುಣ್ಣ ಸೇರಿ ಗಟ್ಟಿಯಾಗುತ್ತದೆ. ಹೊಲದ ಅಂಚಿನ ಮರಗಳಲ್ಲಿ ನೀವು ನೋಡಿರಬಹುದು, ಹತ್ತು ವರ್ಷದ ಹಿಂದೆ ಬಿಗಿದ ಮುಳ್ಳುತಂತಿ ಈಗ ಕಾಂಡದ ಒಳಗೇ ಹುದುಗಿ, ಮರ ಯಾವುದು ತಂತಿ ಯಾವುದು ತಿಳಿಯದಂತೆ ಬೆಳೆದಿರುತ್ತದೆ. ವೈರು ಹೀಗೆ ಗಟ್ಟಿಯಾಗಿ ಕಚ್ಚಿಕೊಳ್ಳುವ ಮುಖ್ಯ ಜಾಗಗಳು ಮೂರು: ಕೊರಳೆಲುಬಿನ ಕೆಳಗೆ ಅದು ರಕ್ತನಾಳ ಹೊಕ್ಕುವಲ್ಲಿ, ಮೇಲಿನ ಮಹಾರಕ್ತನಾಳದಲ್ಲಿ, ಮತ್ತೆ ಹೃದಯದೊಳಗೆ ಅದರ ತುದಿಯಲ್ಲಿ. ಮೂರರಲ್ಲಿ ನನಗೆ ಹೆಚ್ಚು ಭಯ ಎರಡನೆಯದರದು. ಆ ಮಹಾರಕ್ತನಾಳದ ಗೋಡೆ ತೀರಾ ತೆಳು. ಅಲ್ಲೊಂದು ಸೀಳು ಬಿದ್ದರೆ ರಕ್ತ ಎದೆಗೂಡಿನೊಳಕ್ಕೆ ಸುರಿಯುತ್ತದೆ, ನಮ್ಮ ಕೈಯಲ್ಲಿ ಉಳಿಯುವುದು ಕೆಲವೇ ನಿಮಿಷ. ಪ್ರಾಣಾಪಾಯದ ಹೃದಯಗತಿಯನ್ನು ಶಾಕ್ ಕೊಟ್ಟು ಸರಿಪಡಿಸುವ ಐಸಿಡಿ ಎಂಬ ಯಂತ್ರವಿದೆ, 1980ರಲ್ಲಿ ಬಾಲ್ಟಿಮೋರಿನಲ್ಲಿ ಮಿಷೆಲ್ ಮಿರೋವ್‌ಸ್ಕಿ ಅವರ ತಂಡ ಮೊದಲ ಬಾರಿಗೆ ಮನುಷ್ಯನಲ್ಲಿ ಅಳವಡಿಸಿದ್ದು. ಈಗ ರಕ್ತನಾಳದಲ್ಲಿ ಇಳಿಸುವ ಅದರ ವೈರು ಇನ್ನೂ ದಪ್ಪ, ಮೇಲೆ ಲೋಹದ ಸುರುಳಿ ಬೇರೆ. ಸುರುಳಿಯ ಸಂದುಗೊಂದಿಗಳಿಗೆ ನಾರು ನುಗ್ಗಿ ಬೆಳೆದಿರುತ್ತದೆ.

ಮೊದಮೊದಲು ವೈದ್ಯರಿಗೆ ಎಳೆಯುವುದೊಂದೇ ಗೊತ್ತಿತ್ತು. ವೈರಿನ ತುದಿಗೆ ದಾರ ಕಟ್ಟಿ, ಮಂಚದ ಕಡೆ ರಾಟೆ ಸಿಕ್ಕಿಸಿ, ತೂಕ ತೂಗಬಿಟ್ಟು ದಿನಗಟ್ಟಲೆ ಕಾಯುತ್ತಿದ್ದರು. ಕೆಲವರಲ್ಲಿ ಬರುತ್ತಿತ್ತು, ಕೆಲವರಲ್ಲಿ ತುಂಡಾಗುತ್ತಿತ್ತು, ಕೆಲವರಲ್ಲಿ ಹೃದಯದ ಗೋಡೆಯೇ ಹರಿಯುತ್ತಿತ್ತು. 1980ರ ದಶಕದ ಕೊನೆಗೆ ಫ್ಲಾರಿಡಾದ ಚಾರ್ಲ್ಸ್ ಬರ್ಡ್ ಎಂಬ ಶಸ್ತ್ರವೈದ್ಯರು ಮತ್ತು ಅವರಂಥ ಕೆಲವರು ಬೇರೆ ದಾರಿ ಹಿಡಿದರು. ಅವರ ಉಪಾಯದ ತಿರುಳು ಇಷ್ಟು. ವೈರಿನ ಒಳಗಿನ ಸುರುಳಿಯ ನಡುವೆ ಟೊಳ್ಳಿದೆ. ಅದರೊಳಗೆ ಕೂದಲೆಳೆಯಂಥ ಗಟ್ಟಿ ತಂತಿಯನ್ನು ತುದಿಯವರೆಗೆ ತೂರಿಸಿ ಅಲ್ಲೇ ಬಿಗಿ ಮಾಡುತ್ತೇವೆ. ಆಗ ಎಳೆತದ ಬಲ ಮಧ್ಯದಲ್ಲಿ ಪೋಲಾಗದೆ ನೇರ ತುದಿಗೆ ಸಿಗುತ್ತದೆ, ವೈರು ಜಗ್ಗಿ ತುಂಡಾಗುವುದಿಲ್ಲ. ಆಮೇಲೆ ವೈರಿನ ಮೇಲೆ ಒಂದು ಕೊಳವೆ ಜಾರಿಸಿ ಆ ಕೊಳವೆಯಿಂದ ನಾರನ್ನು ಬಿಡಿಸುತ್ತಾ ಇಳಿಯುತ್ತೇವೆ. ಹೃದಯದ ಗೋಡೆ ಮುಟ್ಟಿದ ಮೇಲೆ ಕೊಳವೆಯನ್ನು ಗೋಡೆಗೆ ಆನಿಸಿ ಹಿಡಿದು ವೈರನ್ನು ಎಳೆಯುತ್ತೇವೆ. ಕಾಲಿಗೆ ಚುಚ್ಚಿದ ಮುಳ್ಳು ಕೀಳುವಾಗ ಸುತ್ತಲಿನ ಚರ್ಮವನ್ನು ಎರಡು ಬೆರಳಿಂದ ಒತ್ತಿ ಹಿಡಿಯುವುದಿಲ್ಲವೇ? ಒತ್ತಿ ಹಿಡಿದರೆ ಮುಳ್ಳಷ್ಟೇ ಬರುತ್ತದೆ, ಚರ್ಮ ಎದ್ದು ಬರುವುದಿಲ್ಲ. ಹಾಗೆ.

ಆ ಕೊಳವೆಯ ತುದಿಗೆ ಬೆಳಕನ್ನು ತಂದದ್ದು ಮುಂದಿನ ಹೆಜ್ಜೆ. 308 ನ್ಯಾನೋಮೀಟರ್ ಅಲೆಯುದ್ದದ ಎಕ್ಸೈಮರ್ ಲೇಸರ್ ಕಿರಣ ತನ್ನ ಮುಂದಿನ ನಾರನ್ನು ಕೂದಲಿನ ದಪ್ಪಕ್ಕಿಂತ ಹೆಚ್ಚು ಆಳಕ್ಕೆ ಹೋಗದೆ ಕರಗಿಸುತ್ತದೆ. 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಲೇಸರ್ ಕೊಳವೆಯಿಂದ ಶೇಕಡಾ 94ರಷ್ಟು ವೈರುಗಳು ಪೂರ್ತಿ ಬಂದವು, ಬರೀ ಹಳೆಯ ಸಲಕರಣೆಗಳಿಂದ ಶೇಕಡಾ 64. ಸುಣ್ಣಗಟ್ಟಿದ ಜಾಗದಲ್ಲಿ ಲೇಸರ್ ಸೋಲುತ್ತದೆ. ಅಲ್ಲಿ ಕೈಯಿಂದ ಹಿಡಿ ಒತ್ತಿದರೆ ತುದಿ ತಿರುಗಿ ಕೊರೆಯುವ ಕೊಳವೆಗಳು ನೆರವಿಗೆ ಬರುತ್ತವೆ. ಇಟಲಿಯ ಪೀಸಾದ ಮಾರಿಯಾ ಗ್ರಾಟ್ಸಿಯಾ ಬೊಂಜೋರ್ನಿ ಮತ್ತು ಅವರ ಸಂಗಡಿಗರು ಕತ್ತಿನ ರಕ್ತನಾಳದ ಕಡೆಯಿಂದ ಹೋಗುವ ದಾರಿಯನ್ನು ಬಹಳ ಚೆನ್ನಾಗಿ ಬೆಳೆಸಿದ್ದಾರೆ. ಯಾವ ಸಲಕರಣೆ ಮೇಲು ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಹಿಡಿದ ಕೈ ಎಷ್ಟು ಪಳಗಿದೆ ಎನ್ನುವುದು ಸಲಕರಣೆಗಿಂತ ದೊಡ್ಡದು. ಸ್ವತಂತ್ರವಾಗಿ ಈ ಕೆಲಸಕ್ಕೆ ಇಳಿಯುವ ಮೊದಲು ಹಿರಿಯರ ಕಣ್ಣೆದುರು ಕನಿಷ್ಠ 40 ವೈರು ತೆಗೆದಿರಬೇಕು, ಆಮೇಲೂ ವರ್ಷಕ್ಕೆ 20 ತೆಗೆಯುತ್ತಿರಬೇಕು ಎಂದು ತಜ್ಞರ ಸೂಚನೆಯಿದೆ.

ಆ ತಾಯಿಯ ಆಪರೇಷನ್ನಿನ ದಿನ. ಥಿಯೇಟರಿನಲ್ಲಿ ನಾನು ಮೊದಲು ನೋಡಿದ್ದು ರೋಗಿಯನ್ನಲ್ಲ, ಹೃದಯ ಶಸ್ತ್ರಚಿಕಿತ್ಸಕರು ಬಂದಿದ್ದಾರೆಯೇ ಎಂದು. ಬಂದಿದ್ದರು. ಮನೆಯಿಂದ ಹೊರಟಿದ್ದಾರೆ, ಪಕ್ಕದ ಬ್ಲಾಕಿನಲ್ಲಿದ್ದಾರೆ ಎನ್ನುವುದು ಈ ಕೆಲಸಕ್ಕೆ ನಡೆಯುವುದಿಲ್ಲ. ಎದೆಮೂಳೆ ಕೊಯ್ಯುವ ಗರಗಸ ಟ್ರೇಯಲ್ಲಿತ್ತು. ಹೊಂದಿಸಿದ ರಕ್ತದ ಬಾಟಲಿಗಳು ಥಿಯೇಟರಿನ ಒಳಗೇ ಇದ್ದವು. ಕತ್ತಿನಿಂದ ತೊಡೆಯವರೆಗೆ ಔಷಧಿ ಬಳಿದು, ಬೇಕಾದರೆ ತಕ್ಷಣ ತೆರೆಯುವಂತೆ ಸಜ್ಜು ಮಾಡಿದ್ದೆವು. ಅನ್ನನಾಳದಲ್ಲಿ ಎಕೋ ಕೊಳವೆ, ಕೈಯ ರಕ್ತನಾಳದಲ್ಲಿ ಕ್ಷಣಕ್ಷಣದ ರಕ್ತದೊತ್ತಡ. ತೊಡೆಯ ಕಡೆಯಿಂದ ಮಹಾರಕ್ತನಾಳದವರೆಗೆ ಒಂದು ತಂತಿ ಮೊದಲೇ ಇರಿಸಿದ್ದೆವು. ಸೀಳು ಬಿದ್ದರೆ ಅದರ ಮೇಲೆ ಉದ್ದನೆಯ ಬಲೂನು ಜಾರಿಸಿ ಉಬ್ಬಿಸಿ, ಶಸ್ತ್ರವೈದ್ಯರು ಎದೆ ತೆರೆಯುವವರೆಗೆ ರಕ್ತ ತಡೆಹಿಡಿಯಲು. ಆ ಬಲೂನು ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2016ರಲ್ಲಿ. ಅದಕ್ಕೆ ಮೊದಲು ಈ ಕೆಲಸ ಮಾಡಿದ ಹಿರಿಯರ ಎದೆಗಾರಿಕೆ ನೆನೆದರೆ ಕೈ ಮುಗಿಯಬೇಕೆನಿಸುತ್ತದೆ.

ಡಬ್ಬಿ ಬಿಡಿಸಿದೆವು. ಸುತ್ತಲಿನ ಕೆಟ್ಟ ಪದರವನ್ನೆಲ್ಲ ಕತ್ತರಿಸಿ ತೆಗೆದೆವು. ವೈರಿನ ತಲೆ ಕತ್ತರಿಸಿ ಒಳಗೆ ಗಟ್ಟಿ ತಂತಿ ಬಿಗಿದು ಕೊಳವೆ ಏರಿಸಿದೆ. ಲೇಸರ್ ಕೊಳವೆಯನ್ನು ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತ ವೇಗವಾಗಿ ಮುಂದೊತ್ತಬಾರದು. ಇದು ಪುಸ್ತಕದ ಮಾತು. ಕೈಯಲ್ಲಿ ಅದು ಹೇಗಿರುತ್ತದೆಂದರೆ, ಎಡಗೈ ವೈರನ್ನು ಹಿಡಿದು ನೇರ ಇಡುತ್ತದೆ, ಬಲಗೈ ಕೊಳವೆಯನ್ನು ಒತ್ತುತ್ತಲೇ ಇಲ್ಲವೇನೋ ಅನ್ನುವಷ್ಟು ಹಗುರ. ಮಹಾರಕ್ತನಾಳದ ತಿರುವಿನಲ್ಲಿ ಕೊಳವೆ ನಿಂತಿತು. ಎಕ್ಸ್‌ರೇ ಪರದೆಯಲ್ಲಿ ತುದಿ ಅಲ್ಲಾಡುತ್ತಿಲ್ಲ. ಹನ್ನೆರಡು ನಿಮಿಷ ಅದೇ ಜಾಗ. ಅರಿವಳಿಕೆ ವೈದ್ಯರು ಒತ್ತಡವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು: ನೂರಹತ್ತು, ನೂರೆಂಟು, ನೂರಹತ್ತು. ಅವರ ದನಿ ಬಿಟ್ಟರೆ ಬೇರೆ ಸದ್ದಿಲ್ಲ. ಕೊಳವೆ ಬದಲಾಯಿಸಿ, ಕೊರೆಯುವ ಕೊಳವೆಯಿಂದ ಎರಡು ಸುತ್ತು, ಬಿಟ್ಟು, ಮತ್ತೆರಡು ಸುತ್ತು. ಆಮೇಲೆ ಬಿಗಿ ಸಡಿಲವಾದದ್ದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು. ಹೃದಯದ ಗೋಡೆಗೆ ಕೊಳವೆ ಆನಿಸಿ ಒಂದು ನಿಮಿಷ ತಾಳ್ಮೆಯಿಂದ ಎಳೆದು ಹಿಡಿದೆ. ಬಂತು. ಎಲ್ಲರೂ ಒತ್ತಡದ ಗೆರೆಯನ್ನೇ ನೋಡುತ್ತಾ ನಿಂತೆವು. ಇಳಿಯಲಿಲ್ಲ.

ಹೊರಬಂದ ವೈರು ಸ್ಟೀಲ್ ಟ್ರೇಯಲ್ಲಿ ಬಿದ್ದಿತ್ತು. ನಡುವಿನಲ್ಲಿ ಒಂದು ಬೆರಳುದ್ದಕ್ಕೆ ಬೆಳ್ಳಗಿನ ನಾರಿನ ತೋಳು ತೊಟ್ಟಂತೆ ಇತ್ತು, ಉಗುರಿನಿಂದ ತಟ್ಟಿದರೆ ಟಕ್ಕೆನ್ನುವಷ್ಟು ಗಟ್ಟಿ. ಆ ತಾಯಿಯ ಮೈ ಹನ್ನೊಂದು ವರ್ಷ ಕೂತು ನೇಯ್ದದ್ದು ಅದು.

ಅಪಾಯ ಎಷ್ಟು ಎಂದು ನೀವು ಕೇಳಲೇಬೇಕು. 2010ರಲ್ಲಿ ಪ್ರಕಟವಾದ, 13 ಕೇಂದ್ರಗಳ 1,449 ರೋಗಿಗಳ ಲೇಸರ್ ಲೆಕ್ಕದಲ್ಲಿ ಶೇಕಡಾ 96.5ರಷ್ಟು ವೈರುಗಳು ಪೂರ್ತಿ ಬಂದಿದ್ದವು. ದೊಡ್ಡ ತೊಂದರೆಯಾದದ್ದು ಶೇಕಡಾ 1.4 ಮಂದಿಗೆ. 2017ರಲ್ಲಿ ಯೂರೋಪಿನ 19 ದೇಶಗಳ 73 ಕೇಂದ್ರಗಳು 3,555 ರೋಗಿಗಳ ಲೆಕ್ಕ ಒಪ್ಪಿಸಿದಾಗ ಆಪರೇಷನ್ನಿನಿಂದಲೇ ಆದ ದೊಡ್ಡ ತೊಂದರೆ ಶೇಕಡಾ 1.7, ಸಾವು ಶೇಕಡಾ 0.5. ಇವು ನುರಿತ ಕೇಂದ್ರಗಳ ಅಂಕಿಗಳು ಎನ್ನುವುದನ್ನು ಮರೆಯಬಾರದು. ಆಂಜಿಯೋಪ್ಲಾಸ್ಟಿ ಮಾಡುವ ಎಲ್ಲ ಕಡೆಯೂ ಈ ಕೆಲಸ ಮಾಡುವುದಿಲ್ಲ, ಮಾಡಲೂ ಬಾರದು. 'ವರ್ಷಕ್ಕೆ ಎಷ್ಟು ವೈರು ತೆಗೀತೀರಿ? ಹೃದಯ ಶಸ್ತ್ರಚಿಕಿತ್ಸಕರು ಅಲ್ಲೇ ಇರ್ತಾರಾ?' ಎಂದು ಕೇಳುವುದರಲ್ಲಿ ಏನೂ ತಪ್ಪಿಲ್ಲ. ನನ್ನನ್ನು ಕೇಳಿದವರ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಸೋಂಕಾದಾಗ ತೀರ್ಮಾನ ಸುಲಭ. ಸೋಂಕಿಲ್ಲದೆ ವೈರು ಕೆಟ್ಟಾಗ ಮಾತ್ರ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. 1994ರಲ್ಲಿ ಟೆಲೆಕ್ಟ್ರಾನಿಕ್ಸ್ ಕಂಪನಿಯ ಅಕ್ಯುಫಿಕ್ಸ್ ಎಂಬ ವೈರಿನೊಳಗಿನ ಒಂದು ಗಟ್ಟಿ ತಂತಿ ಮುರಿದು ಹೊರಚಾಚಿ ಹೃದಯಕ್ಕೆ ಚುಚ್ಚುತ್ತದೆಂದು ತಿಳಿದುಬಂತು. ಸಾವಿರಾರು ಜನ ಗಾಬರಿಯಾದರು, ಬಹಳ ಮಂದಿಯಲ್ಲಿ ಆ ವೈರನ್ನು ತೆಗೆದೂ ಹಾಕಿದರು. ಆಮೇಲೆ ಲೆಕ್ಕ ಕೂಡಿಸಿದಾಗ, ಮುರಿದ ತಂತಿ ಚುಚ್ಚಿ ಸತ್ತವರಿಗಿಂತ ಅದನ್ನು ತೆಗೆಯಲು ಹೋಗಿ ಸತ್ತವರೇ ಹೆಚ್ಚಾಗಿದ್ದರು. ಆ ಪಾಠವನ್ನು ನಮ್ಮ ವೃತ್ತಿ ಮರೆತಿಲ್ಲ. 2007ರಲ್ಲಿ ಮೆಡ್‌ಟ್ರಾನಿಕ್ ಕಂಪನಿ ಸ್ಪ್ರಿಂಟ್ ಫಿಡೆಲಿಸ್ ಎಂಬ ಐಸಿಡಿ ವೈರನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಂಡಾಗ ಅದು ಜಗತ್ತಿನಾದ್ಯಂತ ಸುಮಾರು 2,68,000 ಜನರ ಎದೆಯಲ್ಲಿತ್ತು. ಮುರಿದ ವೈರಿನ ಗೊರಗೊರ ಸದ್ದನ್ನು ಯಂತ್ರ ಹೃದಯದ ಅಪಾಯವೆಂದು ತಿಳಿದು ಸುಖಾಸುಮ್ಮನೆ ಶಾಕ್ ಕೊಡುತ್ತಿತ್ತು. ಆದರೂ ಎಲ್ಲರದನ್ನೂ ಕಿತ್ತುಹಾಕಿ ಎಂದು ಯಾರೂ ಹೇಳಲಿಲ್ಲ. ವಯಸ್ಸೆಷ್ಟು, ವೈರು ಹಾಕಿ ಎಷ್ಟು ವರ್ಷವಾಯಿತು, ಹೃದಯ ಪೂರ್ತಿ ಅದನ್ನೇ ನಂಬಿದೆಯೇ, ಒಬ್ಬೊಬ್ಬರದನ್ನೂ ತೂಗಿ ನೋಡಬೇಕು. 85ರ ಅಜ್ಜನ ಎದೆಯಲ್ಲಿ ಕೆಲಸ ಬಿಟ್ಟ ವೈರೊಂದು ಸುಮ್ಮನೆ ಮಲಗಿದ್ದರೆ ಮಲಗಿರಲಿ, ಅದರ ಪಕ್ಕದಲ್ಲಿ ಹೊಸದನ್ನು ಇಳಿಸುತ್ತೇನೆ.

ಸೋಂಕನ್ನು ತಡೆಯುವುದರ ಬಗ್ಗೆ ಎರಡು ಸಂಗತಿ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಹಿಂದೆ ಅದನ್ನು ನಿಲ್ಲಿಸಿ ಹೆಪರಿನ್ ಇಂಜೆಕ್ಷನ್ ಕೊಟ್ಟು ಡಬ್ಬಿ ಹಾಕುತ್ತಿದ್ದರು. 2013ರ ಒಂದು ಅಧ್ಯಯನದಲ್ಲಿ ಹಾಗೆ ಮಾಡಿದವರಲ್ಲಿ ಶೇಕಡಾ 16 ಮಂದಿಗೆ ಡಬ್ಬಿಯ ಸುತ್ತ ರಕ್ತ ಕಟ್ಟಿತು, ವಾರ್ಫರಿನ್ ಮುಂದುವರಿಸಿದವರಲ್ಲಿ ಶೇಕಡಾ 3.5ಕ್ಕೆ ಮಾತ್ರ. ಕಟ್ಟಿದ ರಕ್ತ ಕೀಟಾಣುಗಳಿಗೆ ಹಬ್ಬದೂಟ. ಇನ್ನೊಂದು, ಡಬ್ಬಿಗೆ ಔಷಧಿ ಸವರಿದ ಬಲೆಯ ಚೀಲ ತೊಡಿಸುವುದು. ಸುಮಾರು 7,000 ರೋಗಿಗಳ ಮೇಲೆ ನಡೆದ 2019ರ ಪರೀಕ್ಷೆಯಲ್ಲಿ ಒಂದು ವರ್ಷದೊಳಗಿನ ದೊಡ್ಡ ಸೋಂಕು ಶೇಕಡಾ 1.2ರಿಂದ 0.7ಕ್ಕೆ ಇಳಿಯಿತು. ಬೆಲೆ ಹೆಚ್ಚು, ಆದ್ದರಿಂದ ಸೋಂಕಿನ ಭಯ ಹೆಚ್ಚಿರುವವರಿಗೆ ಬಳಸುತ್ತೇವೆ. ಮನೆಯಲ್ಲಿ ನೀವು ಮಾಡಬೇಕಾದ್ದು ಇಷ್ಟೇ: ಪೇಸ್‌ಮೇಕರ್ ಕಾರ್ಡು ಕಳೆಯಬೇಡಿ, ಹೇಳಿದ ದಿನಕ್ಕೆ ಚೆಕ್ಕಿಂಗಿಗೆ ಹೋಗಿ, ಸ್ನಾನ ಮಾಡುವಾಗ ಡಬ್ಬಿಯ ಮೇಲಿನ ಚರ್ಮದ ಬಣ್ಣ ನೋಡಿಕೊಳ್ಳಿ. ಕೆಂಪು, ಊತ, ಬಿಸಿ, ಚರ್ಮ ತೆಳುವಾಗಿ ಡಬ್ಬಿಗೆ ಅಂಟಿಕೊಂಡಂತೆ ಕಾಣುವುದು, ಕಾರಣವಿಲ್ಲದೆ ಮತ್ತೆಮತ್ತೆ ಚಳಿಜ್ವರ, ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ಸಾಕು, ಕೂಡಲೇ ಬಂದು ತೋರಿಸಿ. ಅರಿಶಿನ ಹಚ್ಚಿ ಕಾಯಬೇಡಿ.

ಶಿರಾದ ಆ ತಾಯಿಗೆ ತಕ್ಷಣ ಹೊಸದು ಹಾಕುವಂತಿರಲಿಲ್ಲ. ರಕ್ತದಲ್ಲಿ ಕೀಟಾಣು ಇಲ್ಲವೆಂದು ಖಾತ್ರಿಯಾಗಬೇಕಿತ್ತು. ಅವರ ಹೃದಯ ಪೇಸ್‌ಮೇಕರ್ ಇಲ್ಲದೆ ನಿಲ್ಲುವಂಥದು. ಆದ್ದರಿಂದ ಕತ್ತಿನ ಬಲಗಡೆಯಿಂದ ತಾತ್ಕಾಲಿಕ ವೈರು ಇಳಿಸಿ, ಅದರ ಡಬ್ಬಿಯನ್ನು ಚರ್ಮದ ಹೊರಗೆ, ಕತ್ತಿನ ಪಕ್ಕಕ್ಕೆ ಅಂಟುಪಟ್ಟಿಯಿಂದ ಅಂಟಿಸಿದೆವು. ಹನ್ನೆರಡು ದಿನ ಅವರು ವಾರ್ಡಿನಲ್ಲಿ ಆ ಡಬ್ಬಿಯೊಂದಿಗೆ ಓಡಾಡಿದರು. ಮಗ ಬಾಚಣಿಗೆ ಹಿಡಿದು, ವೈರಿಗೆ ತಾಕದಂತೆ ಅಮ್ಮನ ತಲೆ ಬಾಚುತ್ತಿದ್ದ. ಆಮೇಲೆ ಬಲಗಡೆ ಹೊಸ ಪೇಸ್‌ಮೇಕರ್ ಹಾಕಿ ಕಳಿಸಿದೆವು.

ವೈರೇ ಇಲ್ಲದ ಪೇಸ್‌ಮೇಕರ್ ಬಂದಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಬಂದಿದೆ. ಎರಡು ಗ್ರಾಮಿನ ಆಸುಪಾಸು ತೂಗುವ, ದೊಡ್ಡ ಮಾತ್ರೆಯಷ್ಟಿರುವ ಯಂತ್ರವನ್ನು ತೊಡೆಯ ರಕ್ತನಾಳದಿಂದ ಒಯ್ದು ನೇರ ಹೃದಯದೊಳಗೇ ಇಡುತ್ತಾರೆ. ಕೆಲವರಿಗೆ ಅದು ವರದಾನ. ಅದರ ಬ್ಯಾಟರಿಯೂ ಮುಗಿಯುತ್ತದೆ, ಆಗ ಸಾಮಾನ್ಯವಾಗಿ ಅದರ ಪಕ್ಕ ಇನ್ನೊಂದು ಬೇಕು. ಅರವತ್ತು ವರ್ಷ ಬದುಕು ಬಾಕಿ ಇರುವವರ ಪುಟ್ಟ ಹೃದಯದಲ್ಲಿ ಎಷ್ಟಕ್ಕೆ ಜಾಗ?

ಇದನ್ನು ಕೇಳುವಾಗ ನನ್ನ ಕಣ್ಣ ಮುಂದೆ ಒಬ್ಬ ಹುಡುಗಿ ಇದ್ದಾಳೆ. ವಯಸ್ಸು 24. ಹುಟ್ಟಿನಿಂದ ಹೃದಯದ ಮೇಲ್ಭಾಗದ ಸಂದೇಶ ಕೆಳಭಾಗಕ್ಕೆ ತಲುಪುವುದಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಮೊದಲ ವೈರು. ಹದಿನೇಳಕ್ಕೆ ಅದು ಬಿರುಕು ಬಿಟ್ಟಾಗ, ಅದನ್ನು ಅಲ್ಲೇ ಬಿಟ್ಟು ಪಕ್ಕಕ್ಕೆ ಎರಡನೆಯದು ಇಳಿಸಿದ್ದರು. ಈಗ ಆ ಎರಡನೆಯದೂ ಕೆಡುವ ಸೂಚನೆ ಕೊಡುತ್ತಿದೆ. ಎಡಗಡೆಯ ರಕ್ತನಾಳ ಎರಡು ವೈರಿನ ನಾರಿನಿಂದ ಮುಚ್ಚಿಹೋಗಿದೆ. ಹಳೆಯ ಎರಡನ್ನೂ ತೆಗೆದು, ಆ ಕೊಳವೆ ಕೊರೆದ ದಾರಿಯಲ್ಲೇ ಹೊಸದನ್ನು ಇಳಿಸಬಹುದು. ಅದರಲ್ಲಿ ಹದಿನೈದು ವರ್ಷದ ವೈರನ್ನು ಬಿಡಿಸುವ ಅಪಾಯವಿದೆ. ಬಲಗಡೆಯಿಂದ ಮೂರನೆಯದು ಹಾಕಬಹುದು. ಇವತ್ತಿಗೆ ಅದು ಸುಲಭ, ಮೂವತ್ತೈದು ನಲವತ್ತನೇ ವಯಸ್ಸಿಗೆ ಇನ್ನೂ ಕಷ್ಟದ ಆಪರೇಷನ್ನು ಅವಳಿಗಾಗಿ ಕಾದಿರುತ್ತದೆ. ಎರಡೂ ದಾರಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಅವಳ ತಂದೆ, 'ನೀವು ನಿಮ್ಮ ಮಗಳಿಗಾದರೆ ಏನು ಮಾಡ್ತಿದ್ರಿ ಸಾರ್?' ಎಂದು ಕೇಳಿದರು. ತೆಗೆಸುತ್ತಿದ್ದೆ ಎಂದೆ. ಹುಡುಗಿ ಆಗ ಮಾತಾಡಿದಳು: 'ತೆಗೆದ ಮೇಲೆ ಹಾಕೋ ವೈರು, ಮುಂದೆ ತೆಗೆಯೋಕೆ ಸುಲಭ ಆಗೋ ಥರ ಹಾಕೋಕೆ ಆಗುತ್ತಾ?'

ಆಗುತ್ತದೆ, ಸ್ವಲ್ಪ ಮಟ್ಟಿಗೆ. ತೆಳುವಾದ ವೈರು, ತಿರುಪು ಹಿಂದಕ್ಕೆ ತಿರುಗಿಸಲು ಬರುವಂಥದು, ಎಲುಬಿನ ಇಕ್ಕಟ್ಟನ್ನು ತಪ್ಪಿಸಿ ತೋಳಿನ ಕಡೆಯ ರಕ್ತನಾಳದಿಂದ ಹೋಗುವುದು. ಅವಳಿಗೆ ಒಂಬತ್ತು ವರ್ಷವಿದ್ದಾಗಲೇ ಯಾರಾದರೂ ಇದನ್ನು ಕೂತು ಯೋಚಿಸಬೇಕಿತ್ತು. ಬರುವ ಸೋಮವಾರ ಅವಳು ಅಪ್ಪನ ಜೊತೆ ಮತ್ತೆ ಬರುತ್ತಾಳೆ. ಎರಡು ಬಿಳಿ ಗೆರೆಗಳಿರುವ ಅವಳ ಎಕ್ಸ್‌ರೇ ನನ್ನ ಮೇಜಿನ ಮೇಲಿದೆ. ನಮ್ಮ ಶಸ್ತ್ರಚಿಕಿತ್ಸಕರಿಗೆ ಅದನ್ನು ತೋರಿಸಿ, ಅವರು ಯಾವ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಡುವಾಗಿದ್ದಾರೆಂದು ಕೇಳಿದ್ದೇನೆ.